ಭಾನುವಾರದ ಹೊಟ್ಟೆನೋವು

ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗಿಯೂ ಅವಳ ಅಪ್ಪ ಅಮ್ಮನೂ ಒಪ್ಪಿದ್ದಾರೆ. ಅವಳನ್ನು ಇಲ್ಲಿ ಕಾವೇರಿ ಎಂದು ಕರೆಯುತ್ತೇನೆ.

2024ರ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ನಾನು ಆಪ್ತಸಲಹೆ ಕೊಡುವ ಕೊಠಡಿಗೆ ಅಪ್ಪ, ಮಗಳು ಬಂದರು. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನವರು. ಅಪ್ಪ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಟೇಬಲ್ ಹಾಕಿಕೊಂಡು ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ ಬರೆದುಕೊಡುತ್ತಾರೆ. ಕಾವೇರಿ ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯು, ಆರ್ಟ್ಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಡಿಸೆಂಬರ್ 1ಕ್ಕೆ ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಇತ್ತು. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಸೇರಬೇಕು ಅನ್ನುವುದು ಅವಳ ಆಸೆ.

"ಪ್ರತಿ ಐತವಾರ ಮುಂಜಾನೆ ಹೊಟ್ಟಿ ನೋವು ಅಂತಾಳ್ರಿ ಮೇಡಂ. ಡಾಕ್ಟರ್‍ಗೆ ತೋರಿಸೀವಿ, ಏನೂ ಇಲ್ಲ ಅಂದ್ರು" ಎಂದರು ಅಪ್ಪ. ಭಾನುವಾರ ಅವಳ ಆನ್‌ಲೈನ್ ಕೋಚಿಂಗಿನ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಇರುತ್ತಿತ್ತು.

ಅಪ್ಪ ಹೊರಗೆ ಹೋಗಿ ಕೂತ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಕೋಚಿಂಗ್ ಫೀಸಿಗೆ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದರು. ಸೋಮವಾರ ಮಾಕ್ ಟೆಸ್ಟಿನ ಅಂಕ ಬರುತ್ತದೆ. ಮಂಗಳವಾರ ಅಮ್ಮ ಸಾಲದ ಕಂತು ಕಟ್ಟಲು ಹೋಗುತ್ತಾರೆ. "ಅಮ್ಮ ಪಾಸ್‌ಬುಕ್ ತಗೊಂಡು ಹೊರಡೋದನ್ನ ನೋಡೋಕೆ ಆಗಲ್ಲ ಮೇಡಂ." ಹನ್ನೊಂದು ಟೆಸ್ಟುಗಳಲ್ಲಿ ನಾಲ್ಕರ ಅಂಕ ಮಾತ್ರ ಮನೆಯಲ್ಲಿ ಹೇಳಿದ್ದಳು. ರಾತ್ರಿ ಒಂದೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದಳು.

ಇಂಥ ಮಕ್ಕಳನ್ನು ನಾನು ಒಂದು ಪ್ರಶ್ನೆ ನೇರವಾಗಿಯೇ ಕೇಳುತ್ತೇನೆ: ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಇಲ್ಲ ಎಂದಳು. ಮುಖ ನೋಡಿದರೆ ನಿಜ ಅನ್ನಿಸಿತು. ಹೌದು ಅಂದಿದ್ದರೆ ಅವತ್ತೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲು ಹೇಳುತ್ತಿದ್ದೆ. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವಳ ಪುಸ್ತಕದಲ್ಲಿ ಬರೆಸಿದೆ. ಇಂಥದ್ದನ್ನು ಕೇಳಿದರೆ ಮಗುವಿನ ತಲೆಗೆ ನಾವೇ ಯೋಚನೆ ತುಂಬಿದ ಹಾಗಾಗುತ್ತದೆ ಎಂದು ಎಷ್ಟೋ ತಂದೆ ತಾಯಿ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರೋ ಕೇಳಿದರಲ್ಲ ಎಂದು ಮಕ್ಕಳಿಗೆ ಹಗುರವಾಗುತ್ತದೆ.

ಮಾಕ್ ಟೆಸ್ಟಿನ ಹಾಳೆಗಳನ್ನು ತಂದಿದ್ದಳು. ಕ್ಲಾಟ್‌ನಲ್ಲಿ 120 ಪ್ರಶ್ನೆ, ಎರಡು ಗಂಟೆ. ಸರಿಗೆ 1 ಅಂಕ, ತಪ್ಪಿಗೆ 0.25 ಕಡಿತ. ಕೊನೆಯ ಟೆಸ್ಟಿನಲ್ಲಿ 117 ಬರೆದಿದ್ದಳು. ಸರಿ 58, ತಪ್ಪು 59. ಕಳೆದು ಉಳಿದದ್ದು 43.25. ಮೊದಲ ನಲವತ್ತು ಪ್ರಶ್ನೆಗಳಲ್ಲಿ ತಪ್ಪು ಬಹಳ ಕಡಿಮೆ. ಆಮೇಲೆ ಇದ್ದಕ್ಕಿದ್ದಂತೆ ಜಾಸ್ತಿ. ಕೊನೆಯ ಮೂವತ್ತು ಪೂರಾ ಊಹೆ. ಇದು ತಿಳಿಯದ ಮಗುವಿನ ಹಾಳೆ ಅಲ್ಲ, ಸಮಯ ಸಾಲದ ಮಗುವಿನ ಹಾಳೆ.

ಒಂದು ಇಂಗ್ಲಿಷ್ ಪ್ಯಾಸೇಜ್ ಕೊಟ್ಟೆ, ಸುಮಾರು 450 ಪದದ್ದು. ಗಡಿಯಾರ ಅವಳಿಗೆ ಕಾಣದ ಹಾಗೆ ಇಟ್ಟಿದ್ದೆ. ಓದಲು ಐದು ನಿಮಿಷ ತೆಗೆದುಕೊಂಡಳು. ಈಗ ಇದನ್ನೇ ಕನ್ನಡದಲ್ಲಿ ಹೇಳು ಎಂದೆ. ಎಷ್ಟು ಚೆನ್ನಾಗಿ ಹೇಳಿದಳು! ಬರೆದವರು ಏನು ವಾದಿಸುತ್ತಾರೆ, ಯಾವ ಮಾತನ್ನು ಒಪ್ಪದೆ ಬಿಟ್ಟಿದ್ದಾರೆ, ವಾದ ಎಲ್ಲಿ ಸಡಿಲ ಇದೆ, ಎಲ್ಲವನ್ನೂ. ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು ಮುಂದಕ್ಕೆ ಹೋಗುತ್ತೇನೆ ಎಂದಳು.

ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ನಿಮಿಷಕ್ಕೆ 90 ಪದ. 2020ರಿಂದ ಕ್ಲಾಟ್ ಪೂರ್ತಿ ಪ್ಯಾಸೇಜ್ ಓದಿ ಉತ್ತರಿಸುವ ಪರೀಕ್ಷೆ. ಸುಮಾರು ಇಪ್ಪತ್ತು ಪ್ಯಾಸೇಜ್ ಎಂದು ಹಿಡಿದರೆ ಒಂಬತ್ತು ಸಾವಿರ ಪದ. ಬರೀ ಓದಿಗೇ ನೂರು ನಿಮಿಷ. ಉತ್ತರ ಹುಡುಕಲು ಉಳಿಯುವುದು ಇಪ್ಪತ್ತೇ ನಿಮಿಷ. ಕಾವೇರಿ ಆ ಕಾಗದವನ್ನು ಬಹಳ ಹೊತ್ತು ನೋಡಿದಳು. "ಹಾಗಾದ್ರೆ ನಾನು ದಡ್ಡಿ ಅಲ್ವಾ ಮೇಡಂ?" ಎಂದಳು. ಅಲ್ಲಮ್ಮ, ಓದುವ ವೇಗ ಒಂದು, ಬುದ್ಧಿ ಇನ್ನೊಂದು, ನಿನ್ನ ಅಂಕದಲ್ಲಿ ಎರಡೂ ಕಲಸಿಹೋಗಿವೆ ಎಂದೆ. ಈ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಕನ್ನಡದಲ್ಲಿ ಚೆನ್ನಾಗಿ ಯೋಚಿಸುವ ಮಗು ಅದರ ಬೆಲೆಯನ್ನು ತನ್ನ ನಿದ್ದೆಯಿಂದ ತೆರಬೇಕಾಗಿದೆ. ಇದನ್ನು ನೋಡುವಾಗೆಲ್ಲ ನನಗೆ ಸಂಕಟವಾಗುತ್ತದೆ.

ನಾನು ಕೊಟ್ಟ ಮೊದಲ ಸಲಹೆ, ಆರು ವಾರ ಪೂರ್ತಿ ಮಾಕ್ ಟೆಸ್ಟ್ ಬೇಡ. ಅಪ್ಪ ಗಾಬರಿಯಾದರು, ಫೀಸು ಕಟ್ಟಿದ್ದೇವಲ್ಲ ಎಂದರು. ಜ್ವರ ಇರುವಾಗ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟರೆ ಜ್ವರ ಇಳಿಯುತ್ತದೆಯೇ ಎಂದು ಕೇಳಿದೆ. ಎಲ್ಲರೂ ಅಂಕ ಹಾಕುವ ಕೋಚಿಂಗ್ ಗ್ರೂಪನ್ನು ಮ್ಯೂಟ್ ಮಾಡಿಸಿದೆ. ಹನ್ನೊಂದು ಗಂಟೆಗೆ ಮಲಗುವುದು ಅಂತಲೂ ಬರೆಸಿದೆ. ನಿದ್ದೆಗೆಟ್ಟ ಕಣ್ಣು ಒಂದೇ ಸಾಲನ್ನು ಮೂರು ಸಲ ಓದುತ್ತದೆ.

ಎರಡನೆಯದು ಓದಿನ ಕ್ರಮ. ಬೆಳಿಗ್ಗೆ ಮೊದಲು ಕನ್ನಡ ಪತ್ರಿಕೆಯಲ್ಲಿ ಒಂದು ಸುದ್ದಿ ಓದು. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದು. ವಿಷಯ ಮೊದಲೇ ಗೊತ್ತಿರುವುದರಿಂದ ಮನಸ್ಸು ಅನುವಾದಕ್ಕೆ ನಿಲ್ಲುವುದಿಲ್ಲ, ಕಣ್ಣು ಓಡುತ್ತದೆ. ಸಾಲಿನ ಕೆಳಗೆ ಪೆನ್ನು ಸರಿಸುತ್ತಾ ಹೋಗು, ಗೊತ್ತಿಲ್ಲದ ಪದಕ್ಕೂ ನಿಲ್ಲಬೇಡ. ಡಿಕ್ಷನರಿ ಎರಡನೇ ಸಲ ಓದುವಾಗ. ದಿನಕ್ಕೆ ಐದು ಪದ ಸಾಕು, ಆದರೆ ಪೂರ್ತಿ ವಾಕ್ಯದ ಸಮೇತ ಬರೆದುಕೋ. ಇದರಲ್ಲೇ ಕರೆಂಟ್ ಅಫೇರ್ಸ್ ಕೂಡ ಆಗುತ್ತದೆ. ಗಣಿತದ ಪ್ರಶ್ನೆಗಳು 10ರಿಂದ 14 ಮಾತ್ರ, ಎಸ್ಸೆಸ್ಸೆಲ್ಸಿ ಮಟ್ಟದವು. ಶೇಕಡಾ, ಅನುಪಾತಕ್ಕೆ ವಾರದಲ್ಲಿ ಮೂರು ದಿನ ಅರ್ಧರ್ಧ ಗಂಟೆ ಸಾಕು ಎಂದು ತೀರ್ಮಾನಿಸಿದೆವು.

ಮೂರನೆಯದು ಅವಳ ಮನೆಯಲ್ಲೇ ಇತ್ತು. ಕ್ಲಾಟ್‌ನ ಲೀಗಲ್ ರೀಸನಿಂಗ್ ವಿಭಾಗದಲ್ಲಿ ಕೊಟ್ಟ ನಿಯಮವನ್ನು ಕೊಟ್ಟ ಘಟನೆಗೆ ಹಚ್ಚಬೇಕು. ಕಾವೇರಿ ತಪ್ಪುತ್ತಿದ್ದದ್ದು ಒಂದೇ ಕಡೆ, ನಿಯಮ ಬಿಟ್ಟು ತನಗೆ ನ್ಯಾಯ ಅನ್ನಿಸಿದ್ದನ್ನು ಬರೆಯುತ್ತಿದ್ದಳು. ಒಂದು ಪ್ರಶ್ನೆ ಹೀಗಿತ್ತು: ಹದಿನೇಳು ವರ್ಷದ ಹುಡುಗ ಮನೆ ಅಡವಿಟ್ಟು ಸಾಲ ತೆಗೆಯುತ್ತಾನೆ. ಆ ಕರಾರು ನಿಲ್ಲುತ್ತದೆಯೇ? ಸಾಲ ತೆಗೆದ ಮೇಲೆ ತೀರಿಸಲೇಬೇಕು ಎಂದು ಬರೆದಿದ್ದಳು. ಸಾಲದ ಮನೆಯ ಮಗು ಬೇರೆ ಇನ್ನೇನು ಬರೆದಾಳು?

ಅಪ್ಪನನ್ನು ಒಳಗೆ ಕರೆದು ಅದನ್ನೇ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಮೈನರ್ ಸಹಿ ನಡೆಯಂಗಿಲ್ರಿ. ಅಂಥಾ ಪತ್ರ ನಾನು ಬರೆಯೋದೇ ಇಲ್ಲ." "ಹಂಗಾದ್ರ ರೊಕ್ಕಾ ಕೊಟ್ಟಾಂವನ ಗತಿ ಏನಪ್ಪಾ?" ಎಂದು ಕೇಳಿದಳು ಮಗಳು. ಇಬ್ಬರೂ ನನ್ನನ್ನು ಮರೆತು ಹತ್ತು ನಿಮಿಷ ವಾದ ಮಾಡಿದರು. 1903ರಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನ ಮಾಡಿದ್ದು ಇದನ್ನೇ: ಮೈನರ್ ಮಾಡಿದ ಕರಾರು ಆರಂಭದಿಂದಲೇ ಅನೂರ್ಜಿತ. ಆ ತೀರ್ಪಿನ ಹೆಸರು ಕೇಳದೆಯೇ ಅಪ್ಪ ದಿನವೂ ಅದನ್ನು ಪಾಲಿಸುತ್ತಿದ್ದರು. ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಪ್ರಶ್ನೆ ಅಪ್ಪನಿಗೆ ಕನ್ನಡದಲ್ಲಿ ಹೇಳು, ವಾದ ಮಾಡಿ, ಕೊನೆಗೆ ನಿಯಮ ಏನು ಹೇಳುತ್ತದೆ ಎಂದು ಬರೆದು ಎದ್ದೇಳು ಎಂದೆ. ಇಂಗ್ಲಿಷ್ ಬರಲ್ಲ ಎಂದು ಮಗಳ ಓದಿನಿಂದ ದೂರ ನಿಂತಿದ್ದ ಮನುಷ್ಯ ಅವತ್ತು ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಸೆಪ್ಟೆಂಬರ್‌ನಲ್ಲಿ ಅಮ್ಮನನ್ನೂ ಕರೆಸಿದೆ. ಸಾಲದ ಮಾತು ಮಗಳೇ ತೆಗೆಯಬೇಕೆಂದು ಕಾದೆ. ತೆಗೆದಳು. ಅಮ್ಮನಿಗೆ ಆಶ್ಚರ್ಯ. "ಅದು ನನ್ನ ಹೊಲಿಗಿ ರೊಕ್ಕದಾಗ ಹೊಕ್ಕೈತವಾ. ನೀ ಅದನ್ಯಾಕ ತಲ್ಯಾಗ ಇಟ್ಕೊಂಡಿ?" ಅಂಕ ಎಷ್ಟೇ ಬರಲಿ ಸೋಮವಾರ ಸಂಜೆಯೇ ಹೇಳುವುದು, ಕೇಳಿದವರು ಆ ರಾತ್ರಿ ಏನೂ ಹೇಳದಿರುವುದು ಎಂದು ಒಪ್ಪಂದವಾಯಿತು.

ಪರೀಕ್ಷೆಗೆ ಮೊದಲೇ ಬೇರೆ ದಾರಿಗಳನ್ನೂ ಒಂದು ಹಾಳೆಯಲ್ಲಿ ಬರೆದೆವು. ನಾಗರಬಾವಿಯಲ್ಲಿ ಕರ್ನಾಟಕದಲ್ಲಿ ಓದಿದ ಮಕ್ಕಳಿಗೆ ಶೇ. 25ರ ಮೀಸಲು ಇದೆ, ಅದು ಇವರಿಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಕೋರ್ಸಿಗೆ ಪಿಯು ಅಂಕವೇ ಆಧಾರ. ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಕ್ಲಾಟ್ ಬರೆಯಲು ವಯಸ್ಸಿನ ಮಿತಿ ಇಲ್ಲ. ಸೋಲಿನ ಮಾತು ಈಗ್ಯಾಕೆ ಎಂದು ಅಪ್ಪ ಅಂದರು. ಕಾವೇರಿ ಮಾತ್ರ ಆ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಅಕ್ಟೋಬರ್‌ನಿಂದ ಮತ್ತೆ ಮಾಕ್ ಟೆಸ್ಟ್, ಭಾನುವಾರ ಮಧ್ಯಾಹ್ನ 2ರಿಂದ 4. ನಿಜವಾದ ಪರೀಕ್ಷೆಯ ಸಮಯವೇ ಅದು, ಊಟದ ನಂತರ ತೂಕಡಿಕೆ ಬರುವ ಹೊತ್ತು. ಮೊದಲು ಲೀಗಲ್, ಆಮೇಲೆ ಕರೆಂಟ್ ಅಫೇರ್ಸ್. ಕಷ್ಟ ಅನ್ನಿಸಿದ ಎರಡು ಮೂರು ಪ್ಯಾಸೇಜ್ ಬಿಟ್ಟೇ ಬಿಡುವುದು. ನವೆಂಬರ್ ಕೊನೆಗೆ ಓದು ನಿಮಿಷಕ್ಕೆ 150 ಪದಕ್ಕೆ ಬಂದಿತ್ತು. 98 ಬರೆದು 74 ಸರಿ, 68 ಅಂಕ. ಹೊಟ್ಟೆನೋವು ಅಕ್ಟೋಬರ್‌ನಲ್ಲಿ ಎರಡು ಭಾನುವಾರ ಬಂತು, ಆಮೇಲೆ ಬರಲಿಲ್ಲ.

ಪರೀಕ್ಷೆ ಮುಗಿದರೆ ನನ್ನ ಕೆಲಸವೂ ಮುಗಿಯಿತು ಅಂದುಕೊಂಡಿದ್ದೆ. ಆದರೆ ಆ ವರ್ಷ ಕೆಲವು ಉತ್ತರಗಳ ಬಗ್ಗೆ ತಕರಾರು ಎದ್ದು ವಿಷಯ ದೆಹಲಿ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ಬಂದ ಫಲಿತಾಂಶ 2025ರ ಮೇವರೆಗೆ ಅಂತಿಮವಾಗಲಿಲ್ಲ. ಮಾರ್ಚ್ 1ರಿಂದ ಪಿಯು ಪರೀಕ್ಷೆ. ಕಾವೇರಿ ಗಂಟೆಗೊಮ್ಮೆ ಮೊಬೈಲ್ ನೋಡತೊಡಗಿದಳು. ಆಗ ಆ ಕೆಲಸವನ್ನು ಅಪ್ಪನಿಗೆ ವಹಿಸಿದೆ. ಕೋರ್ಟಿನ ಸುದ್ದಿ ಅವರು ನೋಡುವುದು, ಶನಿವಾರ ಒಂದು ಸಲ ಹೇಳುವುದು. ದಿನಾ ಮುಂದಿನ ತಾರೀಕು ಕೇಳಿ ಬದುಕುವ ಜನರ ನಡುವೆ ಕೂರುವವರು ಅವರು. ಕಾಯುವುದು ಅವರಿಗೆ ಗೊತ್ತು.

ನಾಗರಬಾವಿ ಸಿಗಲಿಲ್ಲ. ಮೇ ಕೊನೆಯಲ್ಲಿ ಬಂದು ಅತ್ತಳು. ನಾನು ತಡೆಯಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಬರೆಯಲಾ ಎಂದು ಕೇಳಿದಳು. ಈ ನೋವಿನಲ್ಲಿ ತೀರ್ಮಾನ ಬೇಡ, ಮೊದಲು ಒಂದು ಕಡೆ ಸೇರು, ಮೊದಲ ಸೆಮಿಸ್ಟರ್ ಓದಿ ನೋಡು, ಬೇಕೆನಿಸಿದರೆ ಆಗ ಬರೆ ಎಂದೆ. ಬ್ಯಾಗಿನಿಂದ ಆ ಹಾಳೆ ತೆಗೆದಳು, ಮಡಿಕೆಯಲ್ಲಿ ಹರಿದಿತ್ತು. ಪಿಯು ಅಂಕದ ಮೇಲೆ ಹುಬ್ಬಳ್ಳಿಯಲ್ಲಿ ಸೇರಿದಳು.

ಕ್ಲಾಸು ಶುರುವಾದ ಮೇಲೆ ಒಂದು ಸಂಜೆ ಹಾಸ್ಟೆಲಿನಿಂದ ಫೋನ್ ಮಾಡಿದಳು. ಈಗ ನಿಮಿಷಕ್ಕೆ ಎಷ್ಟು ಪದ ಎಂದು ಕೇಳಿದೆ. "ಎಣಿಸೋದು ಬಿಟ್ಟಿದ್ದೀನಿ ಮೇಡಂ" ಎಂದಳು. ಆಮೇಲೆ, ಅಪ್ಪನಿಗೆ ಫೋನ್ ಮಾಡುವ ಹೊತ್ತಾಯಿತು, ಇವತ್ತಿನ ಪ್ರಶ್ನೆ ಇನ್ನೂ ಬಾಕಿ ಇದೆ ಎಂದು ಇಟ್ಟಳು.