ಪಾರ್ಕಿನ್ಸನ್ ಇದ್ದವ್ರು ಮೀನು ಬಿಡ್ಬೇಕಾ?

ಪ್ರಶ್ನೆ: ಅಪ್ಪನಿಗೆ ಪ್ರಾಯ 68, ಪಾರ್ಕಿನ್ಸನ್ ಉಂಟು. ಮೆದುಳಲ್ಲಿ ಪ್ರೋಟೀನ್ ಸೇರಿ ಹೀಗಾಗೋದು ಅಂತ ಡಾಕ್ಟ್ರು ಹೇಳಿದ್ಮೇಲೆ ಅಮ್ಮ ಬಂಗುಡೆ, ಮೊಟ್ಟೆ, ಹೆಸ್ರುಕಾಳು ಎಲ್ಲ ನಿಲ್ಸಿ ಬರೀ ಗಂಜಿ ಉಪ್ಪಿನಕಾಯಿ ಕೊಡ್ತಿದ್ದಾರೆ. ಇದು ಸರಿಯಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಖಂಡಿತ ಸರಿಯಲ್ಲ ಮಾರಾಯ್ರೆ, ಬಂಗುಡೆ ಮತ್ತೆ ಶುರು ಮಾಡ್ಲಿಕ್ಕೆ ಹೇಳಿ. ತಿಂದ ಪ್ರೋಟೀನ್ ಹೊಟ್ಟೆ, ಕರುಳಲ್ಲೇ ಒಡೆದು ಅಮೈನೋ ಆಸಿಡ್ ಆಗ್ತದೆ, ಅದು ಹಾಗೇ ಹೋಗಿ ಮೆದುಳಲ್ಲಿ ಕೂರೋದಿಲ್ಲ. ಅಲ್ಲಿ ಸೇರಿರೋದು ಆಲ್ಫಾ ಸಿನ್ಯೂಕ್ಲಿನ್, ನರಕೋಶ ತಾನೇ ಮಾಡ್ಕೊಳ್ಳೋ ಪ್ರೋಟೀನ್, ನಮ್ಮೆಲ್ಲರಲ್ಲೂ ಉಂಟು. ಮಡಚಿಕೊಳ್ಳೋದ್ರಲ್ಲಿ ತಪ್ಪಾದದ್ದು ಖಾಲಿಯಾಗದೆ ಉಳಿದ್ರೆ ತೊಂದರೆ ಶುರು.

ಖಾಲಿ ಮಾಡ್ಲಿಕ್ಕೆ ಕೋಶದಲ್ಲಿ ಎರಡು ದಾರಿ ಉಂಟು. ಬೇಡವಾದ ಪ್ರೋಟೀನ್‌ಗೆ ಯುಬಿಕ್ವಿಟಿನ್ ಅನ್ನೋ ಬರೀ 76 ಅಮೈನೋ ಆಸಿಡ್‌ನ ಪುಟ್ಟ ಪ್ರೋಟೀನ್ ಬಂದು ಅಂಟ್ತದೆ, ಪಾರ್ಸೆಲ್‌ಗೆ ಚೀಟಿ ಹಚ್ಚಿದ ಹಾಗೆ, ಒಂದಕ್ಕೊಂದು ಸೇರಿ ಸರಪಳಿ ಆದ್ಮೇಲೆ ಪ್ರೋಟಿಯಾಸೋಮ್ ಅನ್ನೋ ಕೋಶದೊಳಗಿನ ಕತ್ತರಿ ಯಂತ್ರ ಅದನ್ನು ಹಿಡಿದು, ಮಡಿಕೆ ಬಿಡಿಸಿ, ಎಳೆ ಮಾಡಿ ಒಳಗೆಳ್ಕೊಂಡು ತುಂಡು ತುಂಡು ಮಾಡ್ತದೆ, ಚೀಟಿ ಮಾತ್ರ ಬಿಚ್ಚಿಟ್ಟು ಮತ್ತೆ ಬಳಸ್ತದೆ. ಈ ಚೀಟಿ ವ್ಯವಸ್ಥೆ ಕಂಡುಹಿಡಿದ ಸೀಹಾನೋವರ್, ಹೆರ್ಷ್‌ಕೊ, ರೋಸ್ ಮೂವರಿಗೆ 2004ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. ಆದ್ರೆ ಪ್ರೋಟಿಯಾಸೋಮ್‌ನ ಬಾಯಿ ತುಂಬಾ ಸಪೂರ, ಗಂಟುಕಟ್ಟಿದ್ದು ಅದ್ರಲ್ಲಿ ಹೋಗೋದೇ ಇಲ್ಲ. ಆಗ ಎರಡನೇ ದಾರಿ, ಆಟೋಫಜಿ ಬೇಕು, ಗಂಟಿನ ಸುತ್ತ ಪೊರೆ ಬೆಳೆದು, ಕೋಶದ ಕಸ ಕರಗಿಸೋ ಚೀಲವಾದ ಲೈಸೋಸೋಮ್‌ಗೆ ಸೇರ್ತದೆ, ಅಲ್ಲಿನ ಎಂಜೈಮ್‌ಗಳು ಕರಗಿಸ್ತವೆ. ಇದಕ್ಕೆ ಬೇಕಾದ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಜಪಾನಿನ ಓಸುಮಿಗೆ 2016ರ ನೊಬೆಲ್.

ಚರ್ಮದ ಕೋಶ ಆದ್ರೆ ಒಂದು ಎರಡಾಗುವಾಗ ಕಸವೂ ಹಂಚಿಹೋಗ್ತದೆ, ನರಕೋಶಕ್ಕೆ ಆ ಅವಕಾಶ ಇಲ್ಲ, ವಯಸ್ಸಾದ ಹಾಗೆ ಎರಡೂ ದಾರಿ ನಿಧಾನ ಆಗ್ತಾ ಬರ್ತದೆ. ಸಣ್ಣ ಪ್ರಾಯದಲ್ಲೇ ಪಾರ್ಕಿನ್ಸನ್ ಬಂದ ಜಪಾನಿನ ಕೆಲವು ಕುಟುಂಬಗಳಲ್ಲಿ ಪಾರ್ಕಿನ್ ಅನ್ನೋ ಜೀನ್ ಹಾಳಾಗಿರೋದು 1998ರಲ್ಲಿ ಗೊತ್ತಾಯ್ತು, ಆಮೇಲೆ ನೋಡಿದ್ರೆ ಅದರ ಕೆಲಸವೇ ಈ ಯುಬಿಕ್ವಿಟಿನ್ ಅಂಟಿಸೋದು! ಅಲ್ಝೈಮರ್‌ನಲ್ಲಿ ಕೋಶದೊಳಗೆ ಹೀಗೇ ಗಂಟಾಗೋದು ಟೌ ಅನ್ನೋ ಪ್ರೋಟೀನ್, ಹಂಟಿಂಗ್ಟನ್‌ನಲ್ಲಿ ಹಂಟಿಂಗ್ಟಿನ್.

ಊಟದಲ್ಲಿ ನೋಡ್ಬೇಕಾದ್ದು ಟೈಮ್. ಅಪ್ಪ ಪಾರ್ಕಿನ್ಸನ್‌ಗೆ ಕೊಡೋ ಲೆವೊಡೋಪಾ ಮಾತ್ರೆ ತಗೊಳ್ತಿದ್ರೆ ಅದೂ ಮೀನಿನಿಂದ ಬರೋ ಅಮೈನೋ ಆಸಿಡೂ ಕರುಳಿಂದ ರಕ್ತಕ್ಕೆ ಹೋಗ್ಲಿಕ್ಕೆ ಒಂದೇ ದಾರಿಗೆ ಪೈಪೋಟಿ ಮಾಡ್ತವೆ, ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದ್ಲು ಮಾತ್ರೆ ಕೊಡೋದು ಸಾಮಾನ್ಯ, ಹೊಟ್ಟೆ ತೊಳಸಿದ್ರೆ ಏನು ಮಾಡ್ಬೇಕು ಅಂತ ಡಾಕ್ಟ್ರ ಹತ್ರ ಕೇಳಿ. ಈ ಕಾಯಿಲೆಯಲ್ಲಿ ಎಷ್ಟೋ ಜನರ ತೂಕ ಇಳೀತದೆ, ಬರೀ ಗಂಜಿಯಲ್ಲಿಟ್ರೆ ಸ್ನಾಯು ಇನ್ನೂ ಸೋಲ್ತದೆ. ತಿಂಗಳಿಗೊಮ್ಮೆ ತೂಕ ನೋಡಿ ಬರ್ದಿಡಿ, ಮುಂದಿನ ಸಲ ತೋರಿಸ್ಲಿಕ್ಕೆ ಹೋಗುವಾಗ ಆ ಚೀಟಿ ತಗೊಂಡು ಹೋಗಿ.