ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಕೋಚ್ ಆಯ್ಕೆ ಸಮಿತಿಗೆ ನನ್ನನ್ನೂ ಹಾಕಿದ್ದಾರೆ. ಅಮೆರಿಕದಲ್ಲಿ ಇದು ಹೇಗೆ ನಡೆಯುತ್ತೆ? ಗೆಲುವು-ಸೋಲು ನೋಡಿ ಅಂಕ ಕೊಟ್ಟರೆ ಸಾಕಾ?

ಅಯ್ಯೋ, 2025ರಲ್ಲಿ ನಾನೂ ಇದೇ ಕುರ್ಚಿಯಲ್ಲಿ ಕೂತಿದ್ದೆ! ಊರಿನ ಹೆಸರು ಬೇಡ. ಇಲ್ಲಿ ನಾನು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಮಂಡ್ಯದಲ್ಲಿ ಕಾಲೇಜು ತಂಡಕ್ಕೆ ಆಡಿದ್ದೆ ಅಂತ ಯಾವತ್ತೋ ಬಾಯಿಬಿಟ್ಟಿದ್ದಕ್ಕೆ ಸಮಿತಿಗೆ ಸೇರಿಸಿಕೊಂಡರು.

ನಾನೂ ನಿಮ್ಮ ಹಾಗೇ ಮೊದಲು ಎಕ್ಸೆಲ್ ತೆರೆದೆ. ಗೆಲುವಿಗೆ 40 ಅಂಕ, ಅನುಭವಕ್ಕೆ 20, ಹೀಗೆ. ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥರು, ನಕ್ಕು ಅದರ ಮೇಲೆ ಕಾಫಿ ಲೋಟ ಇಟ್ಟರು. ಹಳೇ ಕೋಚ್ ಹೋಗುವ ಮೊದಲೇ ಅವರ ಹತ್ತಿರ ನಾಲ್ಕೈದು ಹೆಸರಿನ ಚೀಟಿ ಇತ್ತು. ಅಭ್ಯರ್ಥಿಗಳನ್ನು ಹುಡುಕಿಕೊಡಲು ದುಡ್ಡು ಕೊಟ್ಟು ಒಂದು ಕಂಪನಿಯನ್ನೂ ಇಟ್ಟುಕೊಂಡಿದ್ದರು. ಆ ಕಂಪನಿಯವರು ಕೋಚ್‌ಗಳ ಏಜೆಂಟರಿಗೆ ಗುಟ್ಟಾಗಿ ಫೋನ್ ಮಾಡುತ್ತಾರೆ. ವೆಬ್‌ಸೈಟಿನಲ್ಲಿ ಹಾಕಿದ ಜಾಹೀರಾತು ಸುಮ್ನೆ ನಿಯಮಕ್ಕೆ.

ಇನ್ನು ನಾನು ಮಾಡಿದ ಘನಕಾರ್ಯ. ಮಾರ್ಚ್ ತಿಂಗಳು. ಎಲ್ಲರಿಗೂ ಒಪ್ಪಿಗೆಯಾದ ಕೋಚ್ ಇನ್ನೊಂದು ಯೂನಿವರ್ಸಿಟಿಯಲ್ಲಿದ್ದರು, ಅವರ ತಂಡ ಇನ್ನೂ ಟೂರ್ನಿ ಆಡುತ್ತಿತ್ತು. ಭಾನುವಾರ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಯುಗಾದಿಗೆ ಎಷ್ಟು ಒಬ್ಬಟ್ಟು ಬೇಕು ಅಂತ ಲೆಕ್ಕ ನಡೆದಿತ್ತು. ಮಧ್ಯೆ ಯಾರೋ, 'ಮೇಷ್ಟ್ರೇ, ಹೊಸ ಕೋಚ್ ಯಾರು?' ಅಂದರು. ಹೆಸರು ಬರೆದುಬಿಟ್ಟೆ. ಕನ್ನಡ ಅಕ್ಷರದಲ್ಲಿ ಬರೆದರೆ ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅನ್ನೋ ಧೈರ್ಯ. ಗ್ರೂಪಿನಲ್ಲಿದ್ದ ಒಬ್ಬರ ಮಗ ಓದುತ್ತಿದ್ದದ್ದು ಆ ಕೋಚ್ ಇದ್ದ ಯೂನಿವರ್ಸಿಟಿಯಲ್ಲೇ. ಅಮ್ಮ ಮಗನಿಗೆ ಹೇಳಿದರು, ಮಗ ರೂಮ್‌ಮೇಟಿಗೆ ಹೇಳಿದ. ರೂಮ್‌ಮೇಟ್ ಅದೇ ತಂಡದ ಹುಡುಗ.

ಮಂಗಳವಾರ ಆ ಕೋಚ್ ಫೋನ್ ಮಾಡಿ 'ನಾನು ಬರಲ್ಲ' ಅಂದರು.

ಒಂದು ಹೆಸರಿಗೆ ಇಷ್ಟು ರಂಪವಾ ಅನಿಸಬಹುದು. ನನಗೂ ಅನಿಸಿತ್ತು. 2021ರಿಂದ ಆಟಗಾರರು ಒಂದು ಸಲ ಯೂನಿವರ್ಸಿಟಿ ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕಿಲ್ಲ. 2024ರಿಂದ ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೋಚ್ ಹೊರಟ ಅಂತ ಸುದ್ದಿ ಬಿದ್ದರೆ ಹುಡುಗರೂ ಗಂಟುಮೂಟೆ ಕಟ್ಟುತ್ತಾರೆ. ಮುಂದಿನ ವರ್ಷ ಸೇರಬೇಕಾದವರೂ ಕೈಕೊಡುತ್ತಾರೆ. ಅಂದರೆ ನಾವು ಬೇಡ ಅಂದಿದ್ದರೆ ಆತನಿಗೆ ಅಲ್ಲೂ ತಂಡವಿಲ್ಲ, ಇಲ್ಲೂ ಕೆಲಸವಿಲ್ಲ. ಜೊತೆಗೆ ಒಪ್ಪಂದ ಮುರಿದು ಬರುವವರಿಗಾಗಿ ಹಳೇ ಯೂನಿವರ್ಸಿಟಿಗೆ ಕಟ್ಟಬೇಕಾದ ದುಡ್ಡಿನ ಮಾತು ಇನ್ನೂ ಮುಗಿದಿರಲಿಲ್ಲ. ಗುಟ್ಟು ರಟ್ಟಾಗಿದ್ದೇ ತಡ, ಅಲ್ಲಿಯವರು ಸಂಬಳ ಏರಿಸಿ ಅವರನ್ನು ಉಳಿಸಿಕೊಂಡರು. ನನ್ನ ಒಂದು ಮೆಸೇಜಿನಿಂದ ಆ ಪುಣ್ಯಾತ್ಮನ ಸಂಬಳ ಜಾಸ್ತಿ ಆಯ್ತು! ನಮಗೆ ಸಿಕ್ಕಿದ್ದು ಚೀಟಿಯ ಮೂರನೇ ಹೆಸರು. ಡೈರೆಕ್ಟರ್ ನನ್ನನ್ನು ಬೈಯಲಿಲ್ಲ. ಮುಂದಿನ ಸಭೆಗೆ ಕರೆಯಲೂ ಇಲ್ಲ.

ಇನ್ನು ನಿಮ್ಮ ಅಂಕದ ಲೆಕ್ಕ. ಅದು ಬೇಡವೇ ಬೇಡ. 1980ರಲ್ಲಿ ಡ್ಯೂಕ್ ಯೂನಿವರ್ಸಿಟಿ ಮೈಕ್ ಶಶೆಫ್‌ಸ್ಕಿಯನ್ನು ಕೋಚ್ ಆಗಿ ತಂದಾಗ, ಅದರ ಹಿಂದಿನ ಸೀಸನ್ನಿನಲ್ಲಿ ಆರ್ಮಿ (ಅಮೆರಿಕದ ಸೇನಾ ಅಕಾಡೆಮಿ) ತಂಡದ ಜೊತೆ ಅವರು ಗೆದ್ದದ್ದು 9, ಸೋತದ್ದು 17. ಡ್ಯೂಕ್‌ನಲ್ಲೂ ಎರಡು ಮತ್ತು ಮೂರನೇ ವರ್ಷ ಸೋಲೇ ಜಾಸ್ತಿ. ಆದರೂ ಅಲ್ಲಿನ ಡೈರೆಕ್ಟರ್ ಟಾಮ್ ಬಟರ್ಸ್ ಕೈಬಿಡಲಿಲ್ಲ. ಆಮೇಲೆ ಬಂದದ್ದು ಐದು ರಾಷ್ಟ್ರೀಯ ಪ್ರಶಸ್ತಿ. ನನ್ನ ಎಕ್ಸೆಲ್‌ನಲ್ಲಿ ಅವರು ಕೊನೇ ಸಾಲಿನಲ್ಲಿ ಇರುತ್ತಿದ್ದರು.

ಕೆಲಸ ಮಾಡಲೇಬೇಕು ಅಂದರೆ ಅಭ್ಯರ್ಥಿಗಳ ತಂಡದಲ್ಲಿ ಹಿಂದೆ ಬೆಂಚಿನ ಮೇಲೇ ಕೂತಿದ್ದ ಹುಡುಗರನ್ನು ವಿಚಾರಿಸಿ. ಆದರೆ ಡೈರೆಕ್ಟರ್ ಒಪ್ಪಿದ ಮೇಲೆ, ಅವರು ಹೇಳಿದವರನ್ನು ಮಾತ್ರ. ಮೊದಲ ಸಭೆಯಲ್ಲಿ ಹೆಸರುಗಳ ಹಾಳೆ ಕೊಟ್ಟರೆ ಓದಿ ಅಲ್ಲೇ ವಾಪಸ್ ಕೊಡಿ. ಫೋಟೋ ತೆಗೆಯಬೇಡಿ. ಮನೆಯವರಿಗೂ ಹೇಳಬೇಡಿ, ಅವರೂ ಯಾವುದೋ ಗ್ರೂಪಿನಲ್ಲಿ ಇರ್ತಾರೆ.