ಗಿರಾಕಿ ಎದುರಿಗೆ ನಿಂತಾಗ ಫೋಲ್ಡರ್ ಸಿಗ್ತಿಲ್ವಾ? ಡೆಸ್ಕ್‌ಟಾಪ್ ಹೀಗೆ ಸೆಟ್ ಮಾಡ್ಕೊಳ್ಳಿ

ಪ್ರಶ್ನೆ: ಸರ್, ನಂದು ಹಾವೇರಿ ಜಿಲ್ಲೇಲಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಜಾತಿ-ಆದಾಯ ಅರ್ಜಿ, ಸ್ಕಾಲರ್‌ಶಿಪ್, ಮದುವೆ ಕಾರ್ಡು ಎಲ್ಲಾ ಇದೇ ಒಂದು ಕಂಪ್ಯೂಟರಲ್ಲಿ ಮಾಡ್ತೀನಿ. ವಿಂಡೋಸ್ 11 ಇದೆ. ಡೆಸ್ಕ್‌ಟಾಪ್ ಮೇಲೆ ಫೈಲು, ಫೋಲ್ಡರ್ ತುಂಬಿ ಕೆಳಗಿನ ಚಿತ್ರಾನೇ ಕಾಣ್ತಿಲ್ಲ. ಯಾವುದಾದ್ರೂ ಸೇವ್ ಮಾಡ್ಬೇಕಂದ್ರೆ ಡಿ ಡ್ರೈವ್, ಅದರೊಳಗೆ ವರ್ಷ, ಅದರೊಳಗೆ ಕೆಲಸದ ಹೆಸರು ಅಂತ ಒಳಗೊಳಗೆ ಹೋಗ್ಬೇಕು, ಅಷ್ಟೊತ್ತಿಗೆ ಇನ್ನೊಬ್ರು ಬಂದು ನಿಂತಿರ್ತಾರೆ. ಬೇಗ ತೆರೆಯೋಕೆ ಏನಾದ್ರೂ ದಾರಿ ಇದ್ಯಾ? ಹೊಸ ಸಾಫ್ಟ್‌ವೇರ್ ಹಾಕೋದು ಬೇಡ.

ಉತ್ತರ: ಮೇಡಂ, ಸಾಫ್ಟ್‌ವೇರ್ ಏನೂ ಬೇಡ, ಬೇಕಾದ್ದೆಲ್ಲಾ ವಿಂಡೋಸ್ ಒಳಗೇ ಇದೆ. ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಇದು ಅರ್ಥ ಆದ್ರೆ ಉಳಿದಿದ್ದು ಸುಲಭ. ಫೈಲ್ ಇಡೋ ಜಾಗ ಬೇರೆ, ಅದಕ್ಕೆ ಹೋಗೋ ದಾರಿ ಬೇರೆ. ನಿಮ್ಮ ಡೆಸ್ಕ್‌ಟಾಪಲ್ಲಿ ಈಗ ಎರಡೂ ಕಲಸಿಹೋಗಿದೆ. ಡೆಸ್ಕ್‌ಟಾಪ್ ಅನ್ನೋದೂ ಒಂದು ಫೋಲ್ಡರೇ, ಸಾಮಾನ್ಯವಾಗಿ ಸಿ ಡ್ರೈವಲ್ಲಿ ನಿಮ್ಮ ಯೂಸರ್ ಹೆಸರಿನ ಕೆಳಗೆ ಇರತ್ತೆ, ನಾಳೆ ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡ್ಬೇಕಾಗಿ ಬಂದ್ರೆ ಅಲ್ಲಿದ್ದ ಮದುವೆ ಕಾರ್ಡು, ಅರ್ಜಿ ಎಲ್ಲಾ ಅದರ ಜೊತೆಗೇ ಹೋಗತ್ತೆ. ಹಾಗಾಗಿ ಅಸಲಿ ಫೋಲ್ಡರ್‌ಗಳನ್ನೆಲ್ಲಾ ಡಿ ಡ್ರೈವ್‌ಗೆ ಸಾಗಿಸಿ, ಡೆಸ್ಕ್‌ಟಾಪಲ್ಲಿ ದಾರಿ, ಅಂದ್ರೆ ಶಾರ್ಟ್‌ಕಟ್ ಮಾತ್ರ ಇಟ್ಕೊಳ್ಳಿ. (ಡಿ ಡ್ರೈವೂ ಹೆಚ್ಚಾಗಿ ಅದೇ ಡಿಸ್ಕಿನ ಇನ್ನೊಂದು ಭಾಗ ಆಗಿರತ್ತೆ, ಡಿಸ್ಕೇ ಕೆಟ್ರೆ ಎರಡೂ ಹೋಗತ್ತೆ, ಅದಕ್ಕೆ ಆಗಾಗ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಒಂದು ಕಾಪಿ ತೆಗೆದಿಡಿ.)

ಈಗ ದಾರಿ ವಿಷಯ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಕ್ವಿಕ್ ಆಕ್ಸೆಸ್. ಪಹಣಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪಿನ್ ಟು ಕ್ವಿಕ್ ಆಕ್ಸೆಸ್ ಅಂತ ಬರತ್ತೆ, ಒತ್ತಿ, ಅಷ್ಟೇ. ಇನ್ಮೇಲೆ ವಿಂಡೋಸ್ ಕೀ ಜೊತೆ ಇ ಒತ್ತಿದ್ರೆ ಫೈಲ್ ಎಕ್ಸ್‌ಪ್ಲೋರರ್ ತೆರೆದು ಎಡಗಡೆ ಪಟ್ಟೀಲಿ ಪಹಣಿ ಕಾಣತ್ತೆ. ಯಾವುದು ಮೇಲೆ ಬೇಕೋ ಅದನ್ನ ಮೌಸಲ್ಲಿ ಹಿಡಿದು ಎಳೆದು ಮೇಲಿಡಬಹುದು. ಇದನ್ನೇ ಮೊದಲು ಹೇಳೋಕೆ ಕಾರಣ ಇದೆ. ಡೆಸ್ಕ್‌ಟಾಪ್ ಮೇಲಿನ ಐಕಾನ್ ಕೆಲಸಕ್ಕೆ ಬರೋದು ಫೋಲ್ಡರ್ ತೆರೆಯೋವಾಗ ಮಾತ್ರ, ಅದೂ ಬೇರೆ ಕಿಟಕಿಗಳು ಅದನ್ನ ಮುಚ್ಚಿಲ್ಲದಿದ್ರೆ. ಕ್ವಿಕ್ ಆಕ್ಸೆಸ್ ಪಟ್ಟಿ ಹಾಗಲ್ಲ, ವರ್ಡಲ್ಲಿ, ಎಕ್ಸೆಲಲ್ಲಿ, ಕ್ರೋಮಲ್ಲಿ ಸೇವ್ ಆಸ್ ಕಿಟಕಿ ಬಂದಾಗ್ಲೂ ಎಡಗಡೆ ಅದೇ ಪಟ್ಟಿ ಬರತ್ತೆ, ಪೋರ್ಟಲಿಗೆ ಫೋಟೋ, ಆಧಾರ್ ಅಪ್‌ಲೋಡ್ ಮಾಡೋವಾಗ ಬರೋ ಕಿಟಕೀಲೂ ಬರತ್ತೆ. ನಿಮ್ಮ ಟೈಮ್ ಹೋಗ್ತಿರೋದು ಅಲ್ಲೇ. ತೆರೆಯೋದಕ್ಕಿಂತ ಸೇವ್ ಮಾಡೋದು, ಅಪ್‌ಲೋಡ್ ಮಾಡೋದು ನಿಮ್ಮಂಥ ಅಂಗಡೀಲಿ ಜಾಸ್ತಿ.

ವರ್ಡ್ ಬಗ್ಗೆ ಒಂದು ಸಣ್ಣ ವಿಷಯ. ಹೊಸ ವರ್ಡಲ್ಲಿ ಕಂಟ್ರೋಲ್ ಎಸ್ ಒತ್ತಿದ್ರೆ ಬೇರೆ ಥರದ ಪುಟ್ಟ ಕಿಟಕಿ ಬಂದು ಒನ್‌ಡ್ರೈವಲ್ಲಿ (ಇಂಟರ್ನೆಟ್‌ನಲ್ಲಿ ಫೈಲ್ ಇಡೋಕೆ ಮೈಕ್ರೋಸಾಫ್ಟ್ ಕೊಡೋ ಜಾಗ) ಇಡ್ಲಾ ಅಂತ ಕೇಳೋದುಂಟು, ಅಲ್ಲಿ ನೀವು ಪಿನ್ ಮಾಡಿದ ಪಟ್ಟಿ ಕಾಣಲ್ಲ. ಎಫ್ 12 ಒತ್ತಿ, ನೇರವಾಗಿ ಹಳೇ ಸೇವ್ ಆಸ್ ಕಿಟಕಿ ಬರತ್ತೆ. ಲ್ಯಾಪ್‌ಟಾಪ್ ಆದ್ರೆ ಎಫ್‌ಎನ್ ಕೀ ಕೂಡ ಹಿಡ್ಕೊಳ್ಳಬೇಕಾಗಬಹುದು. ಕ್ರೋಮಲ್ಲೂ ಸೆಟ್ಟಿಂಗ್ಸ್, ಡೌನ್‌ಲೋಡ್ಸ್‌ಗೆ ಹೋಗಿ, ಪ್ರತಿ ಫೈಲನ್ನ ಎಲ್ಲಿ ಇಡ್ಬೇಕು ಅಂತ ಕೇಳೋ ಆಯ್ಕೆ ಆನ್ ಮಾಡ್ಕೊಳ್ಳಿ, ಆಗ ಪಿಡಿಎಫ್ ಎಲ್ಲಾ ಡೌನ್‌ಲೋಡ್ಸಲ್ಲಿ ರಾಶಿ ಬೀಳೋದು ನಿಲ್ಲತ್ತೆ, ಇಳಿಸೋವಾಗ್ಲೇ ಪಹಣಿ ಫೋಲ್ಡರ್ ಒತ್ತಿ ಅಲ್ಲೇ ಹಾಕ್ಬೋದು.

ಆದ್ರೆ ಸಿಕ್ಕಿದ್ದನ್ನೆಲ್ಲಾ ಪಿನ್ ಮಾಡ್ಬೇಡಿ ದಯವಿಟ್ಟು. ಐದಾರು ಸಾಕು. ಇಪ್ಪತ್ತು ಪಿನ್ ಮಾಡಿದ್ರೆ ಈಗ ಡೆಸ್ಕ್‌ಟಾಪಲ್ಲಿ ಹುಡುಕೋ ಹಾಗೆ ಅಲ್ಲೂ ಹುಡುಕ್ತಾ ಕೂರ್ತೀರಿ. ದಿನಾ ಮುಟ್ಟೋದು ಯಾವುದು ಅಂತ ಒಂದು ವಾರ ಗಮನಿಸಿ, ಅದನ್ನ ಮಾತ್ರ ಇಡಿ, ಸ್ಕಾಲರ್‌ಶಿಪ್ ಸೀಸನ್ ಮುಗಿದ ಮೇಲೆ ಆ ಪಿನ್ ತೆಗೆದು ಇನ್ನೊಂದು ಹಾಕಿ. ಪಿನ್ ತೆಗೆದ್ರೆ ಫೋಲ್ಡರ್‌ಗೆ ಏನೂ ಆಗಲ್ಲ. ಪಕ್ಕದ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರನ್ನೂ ಪಿನ್ ಮಾಡಬಹುದು, ಆದ್ರೆ ಆ ಕಂಪ್ಯೂಟರ್ ಆಫ್ ಇದ್ದಾಗ ಕೆಲವು ಸಲ ಎಕ್ಸ್‌ಪ್ಲೋರರ್ರೇ ನಿಧಾನ ಆಗ್ಬಿಡತ್ತೆ, ಅದು ನೆನಪಿರಲಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಬೇಕಾಗೋ ಒಂದೋ ಎರಡೋ ಫೋಲ್ಡರ್ ಇರತ್ತಲ್ಲ, ಅದನ್ನ ಕೆಳಗಿನ ಟಾಸ್ಕ್‌ಬಾರಿಗೇ ತಂದುಬಿಡಿ. ವಿಂಡೋಸ್ 10ರಲ್ಲಿ ಟೂಲ್‌ಬಾರ್ ಅಂತ ಒಂದು ಸೌಲಭ್ಯ ಇತ್ತು, ಫೋಲ್ಡರ್ ಒಳಗಿರೋದನ್ನೆಲ್ಲಾ ಟಾಸ್ಕ್‌ಬಾರಿಂದಲೇ ನೋಡಬಹುದಿತ್ತು, 11ರಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ, ನನಗೆ ಈಗಲೂ ಬೇಜಾರಿದೆ. ಫೋಲ್ಡರನ್ನ ಎಳೆದು ಟಾಸ್ಕ್‌ಬಾರಿಗೆ ಹಾಕಿದ್ರೂ ಅದು ಬೇರೆ ಐಕಾನ್ ಆಗಿ ಕೂರಲ್ಲ. ಅದಕ್ಕೆ ಬಳಸುದಾರಿ ಹೀಗೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಆಸ್ ಪಾತ್ ಒತ್ತಿ, ಫೋಲ್ಡರಿನ ಪೂರ್ತಿ ವಿಳಾಸ ಎರಡೂ ಕಡೆ ಉದ್ಧರಣ ಚಿಹ್ನೆ ಸಮೇತ ಕಾಪಿ ಆಗತ್ತೆ. ಆಮೇಲೆ ಡೆಸ್ಕ್‌ಟಾಪಲ್ಲಿ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ನ್ಯೂ, ಶಾರ್ಟ್‌ಕಟ್. ವಿಳಾಸ ಕೇಳೋ ಡಬ್ಬೀಲಿ ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಕಾಪಿ ಮಾಡಿದ್ದನ್ನ ಪೇಸ್ಟ್ ಮಾಡಿ. ಹೆಸರು ಕೊಡಿ. ಈಗ ಆ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಶೋ ಮೋರ್ ಆಪ್ಷನ್ಸ್ ಒಳಗೆ ಹೋದ್ರೆ ಪಿನ್ ಟು ಟಾಸ್ಕ್‌ಬಾರ್ ಸಿಗತ್ತೆ. ಎಕ್ಸ್‌ಪ್ಲೋರರ್ ಅನ್ನೋ ಪದ ಮುಂದೆ ಹಾಕೋದೇ ಇಲ್ಲಿನ ಗುಟ್ಟು, ಆಗ ವಿಂಡೋಸ್ ಅದನ್ನ ಫೋಲ್ಡರ್ ಅಂತ ನೋಡದೆ ಪ್ರೋಗ್ರಾಂ ಅಂತ ನೋಡತ್ತೆ. ಪಿನ್ ಮಾಡೋಕೆ ಮುಂಚೆ ಪ್ರಾಪರ್ಟೀಸಲ್ಲಿ ಚೇಂಜ್ ಐಕಾನ್ ಒತ್ತಿ ಬೇರೆ ಚಿತ್ರ ಆರಿಸ್ಕೊಳ್ಳಿ, ಇಲ್ಲಾಂದ್ರೆ ಎಲ್ಲಾ ಒಂದೇ ಥರ ಕಾಣತ್ತೆ. ಪಿನ್ ಆದ ಮೇಲೆ ಡೆಸ್ಕ್‌ಟಾಪಲ್ಲಿರೋ ಶಾರ್ಟ್‌ಕಟ್ ಅಳಿಸಿದ್ರೂ ತೊಂದ್ರೆ ಇಲ್ಲ. ಅದನ್ನ ಎಳೆದು ಪಿನ್ ಮಾಡಿದ ಐಕಾನ್‌ಗಳಲ್ಲಿ ಮೊದಲನೇ ಜಾಗಕ್ಕೆ ತಂದಿಟ್ರೆ ವಿಂಡೋಸ್ ಕೀ ಜೊತೆ 1 ಒತ್ತಿದ್ರೆ ಸಾಕು, ಫೋಲ್ಡರ್ ತೆರೆಯತ್ತೆ, ಮೌಸ್ ಮುಟ್ಟೋದೇ ಬೇಡ.

ಕೀಬೋರ್ಡ್ ಅಭ್ಯಾಸ ಚೆನ್ನಾಗಿದ್ರೆ ಇನ್ನೊಂದಿದೆ. ಡೆಸ್ಕ್‌ಟಾಪ್ ಮೇಲಿರೋ ಶಾರ್ಟ್‌ಕಟ್ಟಿನ ಪ್ರಾಪರ್ಟೀಸಲ್ಲಿ ಶಾರ್ಟ್‌ಕಟ್ ಕೀ ಅಂತ ಒಂದು ಡಬ್ಬಿ ಇರತ್ತೆ, ಅಲ್ಲಿ ಪಿ ಒತ್ತಿದ್ರೆ ಕಂಟ್ರೋಲ್, ಆಲ್ಟ್, ಪಿ ಅಂತ ತಾನೇ ಬರ್ಕೊಳ್ಳತ್ತೆ. ಓಕೆ ಕೊಡಿ. ಇದು ಕೆಲಸ ಮಾಡ್ಬೇಕಂದ್ರೆ ಶಾರ್ಟ್‌ಕಟ್ ಡೆಸ್ಕ್‌ಟಾಪಲ್ಲೋ ಸ್ಟಾರ್ಟ್ ಮೆನುವಲ್ಲೋ ಇರಲೇಬೇಕು, ಬೇರೆ ಫೋಲ್ಡರ್ ಒಳಗೆ ಸರಿಸಿದ್ರೆ ಕೀ ಒತ್ತಿದ್ರೂ ಏನೂ ಆಗಲ್ಲ.

ಕೊನೇದಾಗಿ ಸೆಂಡ್ ಟು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಶೆಲ್, ಕೋಲನ್, ಸೆಂಡ್‌ಟು ಅಂತ ಮಧ್ಯೆ ಜಾಗ ಬಿಡದೆ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಟ್ರೆ ಒಂದು ಫೋಲ್ಡರ್ ತೆರೆಯತ್ತೆ. ನಿಮ್ಮ ಫೋಲ್ಡರ್‌ಗಳ ಮಾಮೂಲಿ ಶಾರ್ಟ್‌ಕಟ್ (ಮುಂದೆ ಎಕ್ಸ್‌ಪ್ಲೋರರ್ ಅನ್ನೋ ಪದ ಹಾಕದೇ ಇರೋದು) ಅದರೊಳಗೆ ಹಾಕಿದ್ರೆ, ವಾಟ್ಸಾಪಿಂದ ಇಳಿದ ಫೈಲ್ ಮೇಲೆ ರೈಟ್ ಕ್ಲಿಕ್, ಶೋ ಮೋರ್ ಆಪ್ಷನ್ಸ್, ಸೆಂಡ್ ಟು, ಪಹಣಿ ಅಂದ್ರೆ ಸೀದಾ ಅಲ್ಲಿಗೆ ಹೋಗತ್ತೆ. ಒಂದೇ ಡ್ರೈವ್ ಒಳಗಾದ್ರೆ ಫೈಲ್ ಅಲ್ಲಿಗೇ ಸಾಗತ್ತೆ, ಸಿ ಇಂದ ಡಿಗೆ ಆದ್ರೆ ಕಾಪಿ ಆಗತ್ತೆ, ಹಳೇದನ್ನ ನೀವೇ ಅಳಿಸ್ಬೇಕು.

ನೀವು ಕೇಳಿಲ್ಲ, ಆದ್ರೂ ಹೇಳಲೇಬೇಕು. ನಿಮ್ಮ ಸ್ಕ್ರೀನ್ ಗಿರಾಕಿಗಳಿಗೂ ಕಾಣತ್ತೆ ಅಲ್ವಾ. ಎಕ್ಸ್‌ಪ್ಲೋರರ್ ತೆರೆದ ತಕ್ಷಣ ಹೋಮ್ ಪುಟದಲ್ಲಿ ಇತ್ತೀಚಿನ ಫೈಲ್‌ಗಳ ಪಟ್ಟಿ ಬರತ್ತೆ, ಅದರಲ್ಲಿ ಬೆಳಿಗ್ಗೆ ಬಂದವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಹೆಸರು ಸಮೇತ ಕಾಣತ್ತೆ. ಇನ್ನೊಬ್ರ ಕಾಗದಪತ್ರ ಅದು, ಹಾಗೆ ಕಾಣೋದು ಸರಿ ಅಲ್ಲ. ಎಕ್ಸ್‌ಪ್ಲೋರರಲ್ಲಿ ಮೂರು ಚುಕ್ಕಿ ಒತ್ತಿ ಆಪ್ಷನ್ಸ್‌ಗೆ ಹೋಗಿ, ಪ್ರೈವೆಸಿ ಅನ್ನೋ ಕಡೆ ಇತ್ತೀಚೆಗೆ ಬಳಸಿದ ಫೈಲು, ಪದೇ ಪದೇ ಬಳಸೋ ಫೋಲ್ಡರ್ ತೋರಿಸೋ ಟಿಕ್ ತೆಗೀರಿ, ಪಕ್ಕದ ಕ್ಲಿಯರ್ ಬಟನ್ನೂ ಒಂದ್ಸಲ ಒತ್ತಿ. ನೀವಾಗೇ ಪಿನ್ ಮಾಡಿದ್ದು ಹಾಗೇ ಇರತ್ತೆ, ವಿಂಡೋಸ್ ತಾನಾಗೇ ಸೇರಿಸ್ತಿದ್ದದ್ದು ಮಾತ್ರ ನಿಲ್ಲತ್ತೆ, ಪಟ್ಟಿನೂ ದಿನಕ್ಕೊಂದು ಥರ ಬದಲಾಗಲ್ಲ.

ಪ್ರಶ್ನೆ: ಡೆಸ್ಕ್‌ಟಾಪ್ ಮೇಲಿದ್ದ ನನ್ನ ಪ್ರಾಜೆಕ್ಟ್ ಫೋಲ್ಡರನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಂಡು ಪ್ರಿಂಟ್ ಹಾಕ್ಸೋಕೆ ಹೋದೆ, ಅಲ್ಲಿ ತೆರೆಯಲೇ ಇಲ್ಲ. ಮನೇಲಿ ಸರಿಯಾಗೇ ತೆರೆಯತ್ತೆ. ಪೆನ್‌ಡ್ರೈವ್ ಹಾಳಾಗಿದ್ಯಾ?

ಉತ್ತರ: ಪೆನ್‌ಡ್ರೈವ್ ಚೆನ್ನಾಗೇ ಇರತ್ತೆ, ನೀವು ತಗೊಂಡು ಹೋಗಿದ್ದು ಶಾರ್ಟ್‌ಕಟ್ ಮಾತ್ರ. ಐಕಾನಿನ ಎಡಗಡೆ ಕೆಳಮೂಲೇಲಿ ಸಣ್ಣ ಬಾಣದ ಗುರುತು ಇದ್ಯಾ ನೋಡಿ, ಇದ್ರೆ ಅದು ಫೋಲ್ಡರ್ ಅಲ್ಲ. ಪ್ರಾಪರ್ಟೀಸ್ ತೆರೆದ್ರೆ ಸೈಜ್ ಒಂದೆರಡು ಕೆಬಿ ಅಂತಷ್ಟೇ ತೋರಿಸತ್ತೆ. ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿ, ಅಸಲಿ ಫೋಲ್ಡರ್ ಇರೋ ಜಾಗಕ್ಕೆ ಹೋಗ್ತೀರಿ, ಅಲ್ಲಿಂದ ಕಾಪಿ ಮಾಡಿ. ಇದರಿಂದಾನೇ ಇನ್ನೊಂದೂ ಗೊತ್ತಾಗತ್ತೆ, ಶಾರ್ಟ್‌ಕಟ್ ಡಿಲೀಟ್ ಆದ್ರೆ ಒಳಗಿನ ಫೈಲ್ ಹೋಗಲ್ಲ, ಬಾಣ ಇಲ್ಲದ ಫೋಲ್ಡರ್ ಡಿಲೀಟ್ ಆದ್ರೆ ಹೋಗತ್ತೆ. ನೀವು ಏನೂ ಮಾಡದೇ ಪೆನ್‌ಡ್ರೈವಲ್ಲಿರೋದೆಲ್ಲಾ ಶಾರ್ಟ್‌ಕಟ್ ಆಗಿ ಕಾಣ್ತಿದ್ರೆ ಮಾತ್ರ ಅದು ವೈರಸ್ ಇರಬಹುದು, ಡಬಲ್ ಕ್ಲಿಕ್ ಮಾಡ್ಬೇಡಿ, ಮೊದಲು ಸ್ಕ್ಯಾನ್ ಮಾಡಿ. ಅಂಥ ವೈರಸ್ ಅಸಲಿ ಫೈಲನ್ನ ಹೆಚ್ಚಾಗಿ ಮರೆಮಾಡಿರತ್ತೆ ಅಷ್ಟೇ, ಫಾರ್ಮ್ಯಾಟ್ ಮಾಡೋ ಆತುರ ಬೇಡ.

ಪ್ರಶ್ನೆ: ಒನ್‌ಡ್ರೈವ್ ತುಂಬಿದೆ ಅಂತ ಪದೇ ಪದೇ ಬರ್ತಿದೆ. ನಾನು ಅದನ್ನ ಬಳಸೋದೇ ಇಲ್ಲವಲ್ಲ?

ಉತ್ತರ: ನೀವು ಬಳಸದಿದ್ರೂ ನಿಮ್ಮ ಡೆಸ್ಕ್‌ಟಾಪ್ ಬಳಸ್ತಿದೆ. ಬ್ಯಾಕಪ್ ಆನ್ ಆಗಿದ್ರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಒಳಗೆ ಹೋಗಿ ಕೂತಿರತ್ತೆ, ಉಚಿತವಾಗಿ ಸಿಗೋದು 5 ಜಿಬಿ, ಒಂದು ಮದುವೆ ಫೋಟೋ ಫೋಲ್ಡರ್ ಡೆಸ್ಕ್‌ಟಾಪಲ್ಲಿಟ್ರೆ ಮುಗೀತು. ಗಡಿಯಾರದ ಹತ್ರ ಇರೋ ಮೋಡದ ಗುರುತು ಒತ್ತಿ ಸೆಟ್ಟಿಂಗ್ಸ್, ಸಿಂಕ್ ಅಂಡ್ ಬ್ಯಾಕಪ್, ಮ್ಯಾನೇಜ್ ಬ್ಯಾಕಪ್‌ಗೆ ಹೋಗಿ ಡೆಸ್ಕ್‌ಟಾಪ್ ಆಫ್ ಮಾಡಿ. ಆಫ್ ಮಾಡಿದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡ್ರೆ ಗಾಬರಿ ಆಗ್ಬೇಡಿ, ಒನ್‌ಡ್ರೈವ್ ಫೋಲ್ಡರ್ ಒಳಗೆ ಡೆಸ್ಕ್‌ಟಾಪ್ ಅಂತ ಇನ್ನೊಂದು ಫೋಲ್ಡರ್ ಇರತ್ತೆ, ಅದರಲ್ಲಿ ನೋಡಿ. ಅಲ್ಲಿಂದ ಎಲ್ಲಾ ಡಿ ಡ್ರೈವ್‌ಗೆ ಸಾಗಿಸಿ, ಫೈಲ್‌ಗಳೆಲ್ಲಾ ತೆರೆಯತ್ತಾ ಅಂತ ನೋಡ್ಕೊಳ್ಳಿ. ಅಲ್ಲಿವರೆಗೆ ಒನ್‌ಡ್ರೈವಲ್ಲಿ ಏನೂ ಅಳಿಸ್ಬೇಡಿ.

ಪ್ರಶ್ನೆ: ಆಫೀಸಲ್ಲಿ ಮ್ಯಾಕ್, ಮನೇಲಿ ಉಬುಂಟು. ಎರಡರಲ್ಲೂ ಬೇಕಾದ ಫೋಲ್ಡರ್ ಕೈಗೆ ಸಿಗೋ ಹಾಗೆ ಇಡೋದು ಹೇಗೆ?

ಉತ್ತರ: ಮ್ಯಾಕಲ್ಲಿ ಫೋಲ್ಡರನ್ನ ಎಳೆದು ಫೈಂಡರಿನ ಎಡಪಟ್ಟೀಲಿ ಫೇವರಿಟ್ಸ್ ಕೆಳಗೆ ಬಿಡಿ, ಸೇವ್ ಕಿಟಕೀಲೂ ಅದು ಬರತ್ತೆ. ಇನ್ನೂ ಹತ್ರ ಬೇಕಂದ್ರೆ ಕೆಳಗಿನ ಡಾಕಲ್ಲಿ ಕಸದ ಬುಟ್ಟಿ ಪಕ್ಕ, ಗೆರೆಯ ಆ ಕಡೆ ಬಿಡಿ, ಈ ಕಡೆ ಆಪ್‌ಗಳಿರೋ ಜಾಗದಲ್ಲಿ ಫೋಲ್ಡರ್ ಕೂರಲ್ಲ. ಉಬುಂಟುವಲ್ಲಿ ಫೈಲ್ಸ್ ಆಪಲ್ಲಿ ಬೇಕಾದ ಫೋಲ್ಡರ್ ಒಳಗೆ ಹೋಗಿ ಕಂಟ್ರೋಲ್ ಡಿ ಒತ್ತಿ, ಎಡಪಟ್ಟೀಲಿ ಬುಕ್‌ಮಾರ್ಕ್ ಆಗಿ ಬಂದು ಕೂರತ್ತೆ. ಬೇಡ ಅನ್ನಿಸಿದಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ತೆಗೀಬಹುದು.